ನೊಣದ ರೆಕ್ಕೆಯಿಂದ ಯಂತ್ರದ ರೆಕ್ಕೆಗೆ

೧೯೯೦ರ ದಶಕದ ಕೊನೆಯಲ್ಲಿ, ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಪ್ರಯೋಗಶಾಲೆಯೊಂದರಲ್ಲಿ, ಸುಮಾರು ೨ ಟನ್ನು ಖನಿಜತೈಲವನ್ನು ತುಂಬಿದ್ದ ಪಾರದರ್ಶಕವಾದ ತೊಟ್ಟಿಯೊಳಗೆ, ಗೇಣಿಗೆ ತುಸು ಮಿಗಿಲಾದ ಉದ್ದದ ಎರಡು ಪ್ಲಾಸ್ಟಿಕ್ ರೆಕ್ಕೆಗಳು ಒಂದೊಂದು ಬಡಿತಕ್ಕೂ ಹಲವು ಸೆಕೆಂಡುಗಳನ್ನು ತೆಗೆದುಕೊಳ್ಳುತ್ತ ಹಿಂದಕ್ಕೂ ಮುಂದಕ್ಕೂ ಬೀಸುತ್ತಿದ್ದವು. ನೋಡಿದವರಿಗೆ ಅದು ಹಾರುವ ಯಂತ್ರವೆಂದು ತೋರುವಂತಿರಲಿಲ್ಲ. ಅದು ಹಾರಲೂ ಇಲ್ಲ, ಹಾರಲೆಂದು ಅದನ್ನು ಕಟ್ಟಿದುದೂ ಅಲ್ಲ. ಕಳಿತ ಬಾಳೆಹಣ್ಣಿನ ಸುತ್ತ ಮುತ್ತಿಕೊಳ್ಳುವ ಹಣ್ಣುನೊಣದ ರೆಕ್ಕೆಯನ್ನು, ಎರಡೂವರೆ ಮಿಲಿಮೀಟರಿನಷ್ಟು ಉದ್ದವಾಗಿದ್ದು ಸೆಕೆಂಡಿಗೆ ಸುಮಾರು ೨೦೦ ಬಾರಿ ಬಡಿಯುವ ಆ ರೆಕ್ಕೆಯನ್ನು, ನೂರು ಪಟ್ಟು ಹಿಗ್ಗಿಸಿ, ಅದರ ವೇಗವನ್ನು ಕಣ್ಣಿಗೆ ನಿಲುಕುವಷ್ಟು ತಗ್ಗಿಸಿ, ಗಾಳಿಗೆ ಬದಲಾಗಿ ಎಣ್ಣೆಯನ್ನು ಸುತ್ತ ತುಂಬಿದಾಗ, ನೊಣದ ರೆಕ್ಕೆಯ ಸುತ್ತ ಗಾಳಿ ಹೇಗೆ ಹರಿಯುವುದೋ ಈ ದೊಡ್ಡ ರೆಕ್ಕೆಯ ಸುತ್ತ ಎಣ್ಣೆಯೂ ಹಾಗೆಯೇ ಹರಿಯುವುದು. ಹರಿಯುವ ವಸ್ತುವಿನ ಜಡತ್ವಕ್ಕೂ ಸ್ನಿಗ್ಧತೆಗೂ ಇರುವ ಪ್ರಮಾಣವನ್ನು ರೆನಾಲ್ಡ್ಸ್ ಸಂಖ್ಯೆಯೆಂದು ಕರೆಯುತ್ತಾರೆ. ಆ ಸಂಖ್ಯೆ ಎರಡೆಡೆಯಲ್ಲೂ ಒಂದೇ ಆಗಿದ್ದರೆ ಹರಿವಿನ ಸ್ವರೂಪವೂ ಒಂದೇ ಆಗಿರುತ್ತದೆ. ರೆಕ್ಕೆಯ ಬುಡದಲ್ಲಿ ಕೂರಿಸಿದ್ದ ಸಂವೇದಕವು ಕ್ಷಣಕ್ಷಣಕ್ಕೂ ಹುಟ್ಟುವ ಬಲವನ್ನು ಅಳೆದು ಬರೆಯುತ್ತಿತ್ತು. ಹೀಗೆ ಅಳೆದವರು ಮೈಕೆಲ್ ಡಿಕಿನ್ಸನ್, ಫ್ರಿಟ್ಸ್ ಒಲಾಫ್ ಲೇಮನ್, ಮತ್ತು ಆಗ ಅಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದು ಮುಂದೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರಕ್ಕೆ ಬಂದು ನೆಲೆಸಿದ ಸಂಜಯ ಸಾನೆ. ೧೯೯೯ರಲ್ಲಿ ಅವರು ಪ್ರಕಟಿಸಿದ ಲೇಖನವು, ಕೀಟದಂತೆ ಹಾರುವ ಯಂತ್ರವನ್ನು ರಚಿಸಬೇಕೆಂದು ಹೊರಟವರ ಕೈಗೆ ಮೊದಲ ಬಾರಿಗೆ ಒಂದು ಭದ್ರವಾದ ಲೆಕ್ಕವನ್ನು ಕೊಟ್ಟಿತು.

ಹಾರದ ಯಂತ್ರವೊಂದರಿಂದ ಹಾರುವ ಯಂತ್ರಗಳ ಚರಿತ್ರೆಯನ್ನು ಆರಂಭಿಸುವುದಕ್ಕೆ ಕಾರಣವಿದೆ. ಕೀಟದ ಆಕಾರವನ್ನು ನೋಡಿ ಅದರಂತೆಯೇ ಒಂದು ಗೊಂಬೆಯನ್ನು ಮಾಡಿ, ಅದಕ್ಕೆ ರೆಕ್ಕೆ ಕಟ್ಟಿ, ರೆಕ್ಕೆ ಬಡಿಯುವಂತೆ ಚಕ್ರಗಳನ್ನು ಜೋಡಿಸಿದರೆ ಅದು ಹಾರಿಬಿಡುವುದೆಂದು ಭಾವಿಸುವುದು ಸಹಜವಾದರೂ, ಕಳೆದ ನೂರೈವತ್ತು ವರ್ಷಗಳ ಅನುಭವವೆಲ್ಲ ಅದಕ್ಕೆ ವಿರುದ್ಧವಾಗಿದೆ. ಇಲ್ಲಿ ಮುಂದೆ ಸಾಗಿದವರು ಆಕಾರವನ್ನು ಅನುಕರಿಸಿದವರಲ್ಲ, ತತ್ತ್ವವನ್ನು ಹುಡುಕಿದವರು. ಯಂತ್ರವು ನೆಲಕ್ಕೆ ಬಿದ್ದಾಗಲೆಲ್ಲ, ಕೀಟದಲ್ಲಿ ತಾವು ಇನ್ನೂ ಕಾಣದಿದ್ದ ಯಾವ ಅಂಗದ ಯಾವ ಕೆಲಸ ಅಲ್ಲಿ ಕೊರತೆಯಾಗಿದೆ ಎಂದು ಅವರು ಹಿಂತಿರುಗಿ ಕೀಟವನ್ನೇ ಕೇಳಿದರು.

ಫ್ರಾನ್ಸಿನ ಶರೀರವಿಜ್ಞಾನಿ ಎಟಿಯೆನ್ ಜೂಲ್ ಮರೇ ೧೯ನೆಯ ಶತಮಾನದ ಉತ್ತರಾರ್ಧದಲ್ಲಿ, ಛಾಯಾಗ್ರಹಣವು ಇಂತಹ ವೇಗವನ್ನು ಹಿಡಿಯಲು ಇನ್ನೂ ಅಶಕ್ತವಾಗಿದ್ದ ಕಾಲದಲ್ಲಿ, ಕಣಜದ ರೆಕ್ಕೆಯ ತುದಿಗೆ ಚಿನ್ನದ ರೇಕನ್ನು ಅಂಟಿಸಿ, ಬಿಸಿಲಿನಲ್ಲಿ ಅದು ಮಿನುಗುವ ದಾರಿಯನ್ನು ನೋಡಿ, ರೆಕ್ಕೆಯ ತುದಿ ಗಾಳಿಯಲ್ಲಿ ಎಂಟರ ಆಕೃತಿಯನ್ನು ಬರೆಯುತ್ತದೆಂದು ಕಂಡುಕೊಂಡ. ಮಸಿ ಬಳಿದ ಉರುಳೆಯ ಮೇಲೆ ರೆಕ್ಕೆಯನ್ನು ತಾಗಿಸಿ ಬಡಿತಗಳನ್ನು ಎಣಿಸಿದ; ಕೃತಕ ಕೀಟವೊಂದನ್ನೂ ರಚಿಸಿ ಪರೀಕ್ಷಿಸಿದ. ಆತನ ಬಳಿಕ ವಿಮಾನಗಳ ಯುಗ ಬಂದಿತು. ರೆಕ್ಕೆಯ ಮೇಲೆ ಗಾಳಿ ಒಂದೇ ಸಮನೆ ಹರಿಯುವಾಗ ಹುಟ್ಟುವ ಎತ್ತುವ ಬಲವನ್ನು ಗಣಿತಜ್ಞರು ನಿಷ್ಕೃಷ್ಟವಾಗಿ ಲೆಕ್ಕ ಹಾಕಿದರು. ಅದೇ ಲೆಕ್ಕವನ್ನು ಕೀಟಕ್ಕೆ ಅನ್ವಯಿಸಿದಾಗ ಮಾತ್ರ ಉತ್ತರ ಸರಿಹೋಗಲಿಲ್ಲ. ೧೯೩೪ರಲ್ಲಿ ಆಂತ್ವಾನ್ ಮಾನ್ಯಾನ್ ಎಂಬ ಫ್ರೆಂಚ್ ವಿದ್ವಾಂಸ ಕೀಟಗಳ ಹಾರಾಟವನ್ನು ಕುರಿತ ತನ್ನ ಗ್ರಂಥದಲ್ಲಿ, ಗಾಳಿಯ ಪ್ರತಿರೋಧದ ನಿಯಮಗಳ ಪ್ರಕಾರ ಅವುಗಳ ಹಾರಾಟ ಅಸಾಧ್ಯವೆಂಬ ನಿರ್ಣಯಕ್ಕೆ ಬರಬೇಕಾಗುತ್ತದೆಂದು ಬರೆದ. ದುಂಬಿಗೆ ವಿಜ್ಞಾನ ಗೊತ್ತಿಲ್ಲದುದರಿಂದಲೇ ಅದು ಹಾರುತ್ತದೆಂದು ಜನರು ಇಂದಿಗೂ ಆಡುವ ಮಾತಿನ ಬೇರುಗಳಲ್ಲಿ ಇದೂ ಒಂದು. ವಾಸ್ತವವಾಗಿ ತಪ್ಪು ದುಂಬಿಯದೂ ಅಲ್ಲ, ವಿಜ್ಞಾನದ್ದೂ ಅಲ್ಲ. ನಿಶ್ಚಲವಾದ ರೆಕ್ಕೆಗೆಂದು ಬರೆದ ಸೂತ್ರವನ್ನು, ಒಂದು ಸೆಕೆಂಡಿನಲ್ಲಿ ನೂರಾರು ಬಾರಿ ದಿಕ್ಕು ಬದಲಿಸುವ ರೆಕ್ಕೆಗೆ ಹಾಗೆಯೇ ಅಳವಡಿಸಿದುದೇ ತಪ್ಪಾಗಿತ್ತು.

ಈ ಗಂಟು ಒಂದೊಂದೇ ಎಳೆಯಾಗಿ ಬಿಚ್ಚಿಕೊಂಡಿತು. ತರಕಾರಿ ಬೆಳೆಗೆ ಕಂಟಕವಾದ ಬಿಳಿನೊಣದ ಮೇಲೆ ಪರಾವಲಂಬಿಯಾಗಿ ಬದುಕುವ, ಒಂದು ಮಿಲಿಮೀಟರಿಗೂ ಕಿರಿದಾದ ಎನ್ಕಾರ್ಸಿಯ ಎಂಬ ಕಣಜವನ್ನು ಕೇಂಬ್ರಿಜ್ಜಿನಲ್ಲಿ ಅಭ್ಯಾಸ ಮಾಡುತ್ತಿದ್ದ ಡೆನ್ಮಾರ್ಕಿನ ಪ್ರಾಣಿವಿಜ್ಞಾನಿ ಟೋರ್ಕೆಲ್ ವೈಸ್ ಫೋ, ಅದು ಪ್ರತಿ ಬಡಿತದ ಕೊನೆಯಲ್ಲೂ ತನ್ನ ಎರಡು ರೆಕ್ಕೆಗಳನ್ನು ಬೆನ್ನ ಮೇಲೆ ಚಪ್ಪಾಳೆಯಂತೆ ಕೂಡಿಸಿ, ಮರುಕ್ಷಣದಲ್ಲಿ ಮುಂದಿನ ಅಂಚಿನಿಂದ ತೊಡಗಿ ಬಿಡಿಸಿಕೊಳ್ಳುತ್ತದೆಂದೂ, ಹಾಗೆ ಬಿಡಿಸಿಕೊಳ್ಳುವಾಗ ನಡುವೆ ನುಗ್ಗುವ ಗಾಳಿಯೇ ರೆಕ್ಕೆಗಳ ಸುತ್ತ ಬೇಕಾದ ಸುತ್ತುಹರಿವನ್ನು ಒಮ್ಮೆಗೇ ಉಂಟುಮಾಡುತ್ತದೆಂದೂ ೧೯೭೩ರಲ್ಲಿ ತೋರಿಸಿಕೊಟ್ಟ. ಆದರೆ ಎಲ್ಲ ಕೀಟಗಳೂ ಹೀಗೆ ಚಪ್ಪಾಳೆ ತಟ್ಟುವುದಿಲ್ಲ. ಆತನ ಶಿಷ್ಯಪರಂಪರೆಯ ಚಾರ್ಲ್ಸ್ ಎಲಿಂಗ್ಟನ್ ಮತ್ತು ಸಂಗಡಿಗರು ೧೯೯೬ರಲ್ಲಿ ಹಾಕ್‌ಮಾತ್ ಎಂಬ ದೊಡ್ಡ ಇರುಳು ಪತಂಗವನ್ನು ಹೊಗೆಯ ಎಳೆಗಳ ನಡುವೆ ಹಾರಿಸಿ, ಅದರ ಹತ್ತು ಪಟ್ಟು ದೊಡ್ಡದಾದ ಯಾಂತ್ರಿಕ ಪ್ರತಿರೂಪವನ್ನೂ ಹೊಗೆಯಲ್ಲಿ ಬೀಸಿ ನೋಡಿದಾಗ, ಬೀಸುವ ರೆಕ್ಕೆಯ ಮುಂದಿನ ಅಂಚಿನ ಉದ್ದಕ್ಕೂ ಗಾಳಿಯ ಸುಳಿಯೊಂದು ಅಂಟಿಕೊಂಡೇ ಇದ್ದು, ಬುಡದಿಂದ ತುದಿಯ ಕಡೆಗೆ ತಿರುಪಿನಂತೆ ಸುತ್ತುತ್ತ ಸಾಗುವುದು ಕಂಡಿತು. ವಿಮಾನದ ರೆಕ್ಕೆಯನ್ನು ಗಾಳಿಗೆ ಎದುರಾಗಿ ಅತಿಯಾಗಿ ಓರೆ ಮಾಡಿದರೆ, ಮೇಲ್ಮೈಯ ಹರಿವು ರೆಕ್ಕೆಯಿಂದ ಕಳಚಿಕೊಂಡು ವಿಮಾನ ಕುಸಿಯುತ್ತದೆ. ಕೀಟವೂ ರೆಕ್ಕೆಯನ್ನು ಅಷ್ಟೇ ಓರೆ ಮಾಡುತ್ತದೆ, ಆದರೆ ಆ ಕಳಚುವಿಕೆ ಪೂರ್ಣವಾಗುವ ಮೊದಲೇ ಬಡಿತ ಮುಗಿದು ದಿಕ್ಕು ಬದಲಾಗಿರುತ್ತದೆ. ನಡುವಣ ಅವಧಿಯಲ್ಲಿ ಸುಳಿಯ ಒಳಗಿನ ಕಡಿಮೆ ಒತ್ತಡವು ರೆಕ್ಕೆಯನ್ನು ಮೇಲಕ್ಕೆ ಸೆಳೆಯುತ್ತಿರುತ್ತದೆ. ಬರ್ಕ್ಲಿಯ ಎಣ್ಣೆತೊಟ್ಟಿ ಇದಕ್ಕೆ ಮತ್ತೆರಡು ಸಂಗತಿಗಳನ್ನು ಸೇರಿಸಿತು: ಬಡಿತದ ಕೊನೆಯಲ್ಲಿ ರೆಕ್ಕೆ ತನ್ನ ಅಕ್ಷದ ಮೇಲೆ ಮಗುಚಿಕೊಳ್ಳುವಾಗ ಆ ಮಗುಚುವಿಕೆಯಿಂದಲೇ ಒಂದಷ್ಟು ಬಲ ಹುಟ್ಟುತ್ತದೆ, ಮರಳಿ ಬರುವ ರೆಕ್ಕೆಯು, ಹೋಗುವಾಗ ತಾನೇ ಕದಡಿ ಬಿಟ್ಟಿದ್ದ ಗಾಳಿಯನ್ನು ಎದುರುಗೊಂಡು, ಅದರಲ್ಲಿ ಉಳಿದಿದ್ದ ಶಕ್ತಿಯನ್ನು ಹಿಂದಕ್ಕೆ ಪಡೆಯುತ್ತದೆ. ಮಗುಚುವ ಕ್ಷಣವನ್ನು ತುಸು ಮುಂದಕ್ಕೋ ತುಸು ಹಿಂದಕ್ಕೋ ಸರಿಸಿದರೆ ಸಾಕು, ಬಲವು ಏರುತ್ತದೆ ಅಥವಾ ಇಳಿಯುತ್ತದೆ. ನೊಣವು ತಿರುಗುವುದು ಹೊತ್ತಿನ ಇಂತಹ ಸೂಕ್ಷ್ಮವಾದ ಹೊಂದಾಣಿಕೆಯಿಂದ. ಅಸಾಧ್ಯವೆನಿಸಿದ್ದ ಹಾರಾಟಕ್ಕೆ ಇಷ್ಟು ಸರಳವಾದ, ಇಷ್ಟು ಸುಂದರವಾದ ಸಮಾಧಾನವಿದ್ದಿತೆಂಬುದನ್ನು ನಾನು ಓದಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಇಷ್ಟು ತಿಳಿದ ಮೇಲೂ ಯಂತ್ರ ಕಟ್ಟುವವನ ಕಷ್ಟ ಕಡಮೆಯಾಗುವುದಿಲ್ಲ. ದೊಡ್ಡ ವಿಮಾನವನ್ನು ಕುಗ್ಗಿಸುತ್ತ ಹೋದರೆ ಚಿಕ್ಕ ವಿಮಾನ ದೊರೆಯುತ್ತದೆ, ಮತ್ತೂ ಕುಗ್ಗಿಸಿದರೆ ಕೀಟದಷ್ಟು ವಿಮಾನ ದೊರೆಯುತ್ತದೆ ಎಂಬ ಎಣಿಕೆ ಒಂದು ಹಂತದ ಆಚೆಗೆ ನಡೆಯದು. ಗಾತ್ರ ಕಿರಿದಾದಂತೆ ತೂಕವು ಘನಮಾನದಲ್ಲಿ ಇಳಿದರೆ ಮೈಯ ವಿಸ್ತಾರವು ವರ್ಗಮಾನದಲ್ಲಿ ಮಾತ್ರ ಇಳಿಯುತ್ತದೆ. ಆದುದರಿಂದ ಮೇಲ್ಮೈಗಳ ಉಜ್ಜುವಿಕೆ, ಅಂಟು, ಗಾಳಿಯ ಸ್ನಿಗ್ಧತೆ ಇವೆಲ್ಲ ಪ್ರಬಲವಾಗುತ್ತವೆ. ಭಾರಿ ವಿಮಾನದ ರೆನಾಲ್ಡ್ಸ್ ಸಂಖ್ಯೆ ಕೋಟಿಗಳಲ್ಲಿದ್ದರೆ ಹಣ್ಣುನೊಣದ್ದು ನೂರರ ಆಸುಪಾಸು. ಎನ್ಕಾರ್ಸಿಯದಂತಹ ಅಣುಗಾತ್ರದ ಕೀಟಗಳಿಗಂತೂ ಗಾಳಿಯಲ್ಲಿ ಹಾರುವುದೆಂದರೆ ನಮಗೆ ಬೆಲ್ಲದ ಪಾಕದಲ್ಲಿ ಈಜಿದಂತೆ. ತಂತಿ ಸುತ್ತಿದ ಮೋಟಾರು, ಹಲ್ಲುಚಕ್ರ, ಬೇರಿಂಗು ಇವು ದೊಡ್ಡ ಯಂತ್ರಗಳಲ್ಲಿ ಎಷ್ಟು ಸಮರ್ಥವೋ ಮಿಲಿಮೀಟರಿನ ಅಳತೆಯಲ್ಲಿ ಅಷ್ಟೇ ಅಸಮರ್ಥ. ಕೊಟ್ಟ ಶಕ್ತಿಯ ಬಹುಭಾಗ ಉಜ್ಜುವಿಕೆಯಲ್ಲಿಯೇ ಹೋಗಿಬಿಡುತ್ತದೆ. ಕೀಟದಲ್ಲಿ ಚಕ್ರವಿಲ್ಲ, ಬೇರಿಂಗಿಲ್ಲ. ನೊಣ, ಜೇನ್ನೊಣ, ಸೊಳ್ಳೆಗಳಲ್ಲಿ ಹಾರಾಟದ ಮುಖ್ಯ ಸ್ನಾಯುಗಳು ರೆಕ್ಕೆಗೆ ನೇರವಾಗಿ ಅಂಟಿಕೊಂಡೂ ಇಲ್ಲ. ಅವು ಎದೆಗೂಡಿನ ಗಡುಸಾದ ಕವಚವನ್ನು ಒಮ್ಮೆ ಮೇಲಿನಿಂದ ಕೆಳಕ್ಕೆ ಒಮ್ಮೆ ಉದ್ದಕ್ಕೆ ಅದುಮುತ್ತವೆ, ಕವಚವು ತನ್ನ ಸ್ಥಿತಿಸ್ಥಾಪಕತೆಯಿಂದ ಕಂಪಿಸುತ್ತದೆ, ಆ ಕಂಪನದಿಂದ ಬುಡದ ಸೂಕ್ಷ್ಮವಾದ ಕೀಲುಗಳ ಮೂಲಕ ರೆಕ್ಕೆ ಬೀಸುತ್ತದೆ. ಒಂದೊಂದು ಬಡಿತಕ್ಕೂ ಮೆದುಳಿನಿಂದ ಅಪ್ಪಣೆ ಬರಬೇಕಾಗಿಲ್ಲ. ಹಿಗ್ಗಿಸಲ್ಪಟ್ಟ ಸ್ನಾಯುವು ತಾನಾಗಿಯೇ ಸಂಕೋಚಗೊಳ್ಳುತ್ತದೆ. ಜೇನ್ನೊಣವು ಸೆಕೆಂಡಿಗೆ ೨೩೦ ಬಾರಿ ರೆಕ್ಕೆ ಬಡಿಯುವುದು ಈ ವ್ಯವಸ್ಥೆಯ ಬಲದಿಂದ.

ಹಾರ್ವರ್ಡ್ ವಿಶ್ವವಿದ್ಯಾನಿಲಯದ ರಾಬರ್ಟ್ ವುಡ್ ಮತ್ತು ಅವರ ಶಿಷ್ಯರು ಈ ಪಾಠವನ್ನು ಚೆನ್ನಾಗಿ ಕಲಿತವರು. ಅವರು ಮೋಟಾರನ್ನು ಕೈಬಿಟ್ಟು, ವಿದ್ಯುತ್ತನ್ನು ಹಾಯಿಸಿದರೆ ಬಾಗುವ ಪೀಜೋ ಪದರಗಳ ಪಟ್ಟಿಯನ್ನು ಸ್ನಾಯುವಿಗೆ ಬದಲಾಗಿ ನಿಲ್ಲಿಸಿದರು. ಬೇರಿಂಗನ್ನು ಕೈಬಿಟ್ಟು, ಎರಡು ಗಡುಸು ಹಲಗೆಗಳ ನಡುವೆ ಮೆತ್ತನೆಯ ಪಾಲಿಮರ್ ಹಾಳೆಯನ್ನು ಹಿಡಿಸಿ, ಹಾಳೆಯ ಬಾಗುವಿಕೆಯನ್ನೇ ಕೀಲಾಗಿ ಬಳಸಿದರು. ಪಟ್ಟಿಯ ಕಣ್ಣಿಗೆ ಕಾಣದಷ್ಟು ಚಿಕ್ಕದಾದ ಬಾಗುವಿಕೆಯನ್ನು ಇಂತಹ ಕೀಲುಗಳ ಸರಣಿಯೊಂದು ರೆಕ್ಕೆಯ ಅಗಲವಾದ ಬೀಸುವಿಕೆಯಾಗಿ ಮಾರ್ಪಡಿಸುತ್ತದೆ. ಇಲ್ಲಿ ವಿಶೇಷವಾಗಿ ಗಮನಿಸತಕ್ಕ ಸಂಗತಿಯೊಂದಿದೆ. ರೆಕ್ಕೆಯನ್ನು ಹಿಂದೆಮುಂದೆ ಬೀಸುವುದಕ್ಕೆ ಚಾಲಕಪಟ್ಟಿಯುಂಟು. ಆದರೆ ಬಡಿತದ ಕೊನೆಯಲ್ಲಿ ರೆಕ್ಕೆಯನ್ನು ಮಗುಚುವುದಕ್ಕೆ ಬೇರೆ ಚಾಲಕವಿಲ್ಲ. ರೆಕ್ಕೆಯ ಬುಡದಲ್ಲಿ ಮತ್ತೊಂದು ಮೆತ್ತನೆಯ ಕೀಲನ್ನು ಇರಿಸಿ, ಗಾಳಿಯ ಒತ್ತಡವೂ ರೆಕ್ಕೆಯ ಜಡತ್ವವೂ ಸೇರಿ ತಾವಾಗಿಯೇ ಅದನ್ನು ಸರಿಯಾದ ಕೋನಕ್ಕೆ ತಿರುಗಿಸುವಂತೆ ಅದರ ಬಿಗುವನ್ನು ಹೊಂದಿಸಿದ್ದಾರೆ. ಎಲ್ಲವನ್ನೂ ಆಜ್ಞೆಯಿಂದ ನಡೆಸದೆ ಒಂದಷ್ಟನ್ನು ಪದಾರ್ಥದ ಸ್ವಭಾವಕ್ಕೇ ಬಿಟ್ಟುಕೊಡುವ ಈ ಜಾಣ್ಮೆ, ನನ್ನ ಎಣಿಕೆಯಲ್ಲಿ, ಈ ಇಡೀ ವಿದ್ಯೆಯ ಜೀವಾಳ.

ಇಷ್ಟು ಚಿಕ್ಕ ಭಾಗಗಳನ್ನು ಜೋಡಿಸುವುದೂ ಒಂದು ದೊಡ್ಡ ಸಮಸ್ಯೆಯಾಗಿತ್ತು. ಮೊದಮೊದಲು ವಿದ್ಯಾರ್ಥಿಗಳು ಸೂಕ್ಷ್ಮದರ್ಶಕದ ಅಡಿಯಲ್ಲಿ ಚಿಮಟ ಹಿಡಿದು ಒಂದೊಂದೇ ತುಣುಕನ್ನು ಅಂಟಿಸುತ್ತಿದ್ದರು. ಕೈ ತುಸು ನಡುಗಿದರೂ ಎರಡು ರೆಕ್ಕೆಗಳು ಸಮನಾಗುತ್ತಿರಲಿಲ್ಲ, ಸಮನಾಗದ ರೆಕ್ಕೆಗಳುಳ್ಳ ಯಂತ್ರ ಮೇಲೇಳುವ ಮೊದಲೇ ಮಗುಚಿ ಬೀಳುತ್ತಿತ್ತು. ಬಳಿಕ ಅವರು ಬೇರೊಂದು ಉಪಾಯವನ್ನು ಕಂಡುಕೊಂಡರು. ತೆರೆದರೆ ಪುಟದಿಂದ ಮನೆಯೂ ಮರವೂ ಎದ್ದು ನಿಲ್ಲುವ ಮಕ್ಕಳ ಚಿತ್ರಪುಸ್ತಕಗಳನ್ನು ಓದುಗರು ಕಂಡಿರಬಹುದು. ಕಾರ್ಬನ್ ನಾರಿನ ಹಾಳೆ, ಪಾಲಿಮರ್ ಹಾಳೆ, ಅಂಟಿನ ಹಾಳೆ, ಲೋಹದ ಹಾಳೆ ಇವುಗಳನ್ನು ಲೇಸರಿನಿಂದ ಕತ್ತರಿಸಿ, ಒಂದರ ಮೇಲೊಂದಾಗಿ ೧೮ ಪದರಗಳನ್ನು ಅದುಮಿ ಬೆಸೆದು, ಕೊನೆಯಲ್ಲಿ ಒಂದೇ ಎಳೆತಕ್ಕೆ ಆ ಚಪ್ಪಟೆ ಹಾಳೆಯಿಂದ ಯಂತ್ರದ ಪೂರ್ಣಶರೀರವು ಮಡಿಕೆಗಳೊಡನೆ ಎದ್ದು ನಿಲ್ಲುವಂತೆ ಅದೇ ತತ್ತ್ವವನ್ನು ಅವರು ಅಳವಡಿಸಿದರು. ಕೈಚಳಕವನ್ನು ನಂಬಿ ನಡೆಯುತ್ತಿದ್ದ ಕೆಲಸ ಹೀಗೆ ಅಚ್ಚುಹಾಕುವ ಕೆಲಸವಾಯಿತು.

ಈ ಯಂತ್ರದ ಹೆಸರು ರೋಬೋಬೀ. ೨೦೦೭ರಲ್ಲಿ ೬೦ ಮಿಲಿಗ್ರಾಂ ತೂಕದ ಅದರ ಪೂರ್ವರೂಪವು, ಅತ್ತಿತ್ತ ಹೊರಳದಂತೆ ಕಟ್ಟಿದ್ದ ತಂತಿಗಳ ಆಸರೆಯಲ್ಲಿ ನೇರವಾಗಿ ಮೇಲೆದ್ದಿತು. ತನ್ನ ತೂಕವನ್ನು ತಾನೇ ಎತ್ತಬಲ್ಲೆನೆಂದು ಅದು ತೋರಿಸಿಕೊಟ್ಟಿತೇ ಹೊರತು ಹತೋಟಿ ಇನ್ನೂ ದೂರದ ಮಾತಾಗಿತ್ತು. ಹತೋಟಿಯಲ್ಲಿ ಹಾರಲು ಮತ್ತೆ ಆರು ವರ್ಷಗಳು ಬೇಕಾದವು. ೨೦೧೩ರಲ್ಲಿ ಕೆವಿನ್ ಮಾ, ಪಾಕ್‌ಪಾಂಗ್ ಚಿರರತ್ತನಾನನ್, ಸಾಯರ್ ಫುಲ್ಲರ್ ಮತ್ತು ವುಡ್ ಪ್ರಕಟಿಸಿದ ವರದಿಯಂತೆ, ೮೦ ಮಿಲಿಗ್ರಾಂ ತೂಕವಿದ್ದು ೩ ಸೆಂಟಿಮೀಟರು ರೆಕ್ಕೆಯಗಲವಿದ್ದ ಯಂತ್ರವು ಸೆಕೆಂಡಿಗೆ ೧೨೦ ಬಾರಿ ರೆಕ್ಕೆ ಬಡಿಯುತ್ತ ಗಾಳಿಯಲ್ಲಿ ಒಂದೆಡೆ ತಂಗಿ ನಿಂತು, ಹೇಳಿದ ಕಡೆಗೆ ಸರಿಯಿತು. ಒಂದು ಜೇನ್ನೊಣದ ತೂಕ ಸುಮಾರು ೧೦೦ ಮಿಲಿಗ್ರಾಂ ಎಂಬುದನ್ನು ನೆನೆದರೆ ಈ ಸಾಧನೆಯ ಅಳತೆ ತಿಳಿದೀತು. ಆದರೆ ಆ ಯಂತ್ರಕ್ಕೆ ಕಣ್ಣಿರಲಿಲ್ಲ, ಮೆದುಳಿರಲಿಲ್ಲ, ಹೊಟ್ಟೆಯೂ ಇರಲಿಲ್ಲ. ಸುತ್ತಲೂ ನಿಲ್ಲಿಸಿದ್ದ ಕ್ಯಾಮೆರಾಗಳು ಅದರ ಸ್ಥಾನವನ್ನು ನೋಡುತ್ತಿದ್ದವು, ಹೊರಗಿದ್ದ ಕಂಪ್ಯೂಟರು ಪ್ರತಿಕ್ಷಣವೂ ತಿದ್ದುಪಡಿಯನ್ನು ಲೆಕ್ಕ ಹಾಕುತ್ತಿತ್ತು, ಕೂದಲೆಳೆಯಂತಹ ತಂತಿಗಳಲ್ಲಿ ವಿದ್ಯುತ್ತೂ ಆಜ್ಞೆಯೂ ಇಳಿದು ಬರುತ್ತಿದ್ದವು. ರೆಕ್ಕೆ ಕೀಟದ್ದಾಯಿತು, ಇಂದ್ರಿಯಗಳು ಇನ್ನೂ ಕೋಣೆಯ ಗೋಡೆಗಳ ಮೇಲಿದ್ದವು.

ಇಂದ್ರಿಯಗಳ ಪ್ರಶ್ನೆ ರೆಕ್ಕೆಯ ಪ್ರಶ್ನೆಗಿಂತ ಹಿರಿದು. ರೆಕ್ಕೆ ಬಡಿಯುವ ಯಂತ್ರವು ಸ್ವಭಾವತಃ ಅಸ್ಥಿರವಾದದ್ದು. ಒಂದು ಕ್ಷಣ ಹತೋಟಿ ತಪ್ಪಿದರೆ ಮಗುಚಿಬೀಳುವುದು. ನೊಣಕ್ಕೆ ಎರಡೇ ರೆಕ್ಕೆ. ಉಳಿದ ಕೀಟಗಳಲ್ಲಿ ಹಿಂದಿನ ಜೊತೆ ರೆಕ್ಕೆಗಳಿರುವ ಜಾಗದಲ್ಲಿ ಅದಕ್ಕೆ ಪುಟ್ಟ ಗದೆಯ ಆಕಾರದ ಎರಡು ಅಂಗಗಳಿವೆ. ಹಾಲ್ಟೀರುಗಳೆಂದು ಹೆಸರಾದ ಇವುಗಳನ್ನು ಕತ್ತರಿಸಿದರೆ ನೊಣವು ನೆಟ್ಟಗೆ ಹಾರಲಾರದೆಂದು ೧೮ನೆಯ ಶತಮಾನದ ಆದಿಭಾಗದಲ್ಲಿಯೇ ವಿಲಿಯಂ ಡರ್ಹಾಂ ಎಂಬ ಇಂಗ್ಲಿಷ್ ಪಾದ್ರಿ ಗುರುತಿಸಿದ್ದ. ಕಾರಣವನ್ನು ಬಿಡಿಸಿ ಹೇಳಿದವನು ಪ್ರಿಂಗಲ್ ಎಂಬ ಪ್ರಾಣಿವಿಜ್ಞಾನಿ, ೧೯೪೮ರಲ್ಲಿ. ರೆಕ್ಕೆಗಳೊಡನೆ ಒಂದೇ ಲಯದಲ್ಲಿ, ಅವುಗಳಿಗೆ ಎದುರು ದಿಕ್ಕಿನಲ್ಲಿ ಬಡಿಯುವ ಈ ಗದೆಗಳು, ನೊಣದ ಮೈ ಯಾವ ಕಡೆಗಾದರೂ ತಿರುಗಿದಾಗ ತಾವು ಬಡಿಯುತ್ತಿದ್ದ ಸಮತಲದಿಂದ ಅತ್ಯಲ್ಪವಾಗಿ ಬಾಗುತ್ತವೆ. ಬುಡದಲ್ಲಿರುವ ಸಂವೇದನಾಂಗಗಳು ಆ ಬಾಗುವಿಕೆಯನ್ನು ಗ್ರಹಿಸಿ ಕತ್ತಿನ ಮತ್ತು ರೆಕ್ಕೆಯ ಸ್ನಾಯುಗಳಿಗೆ ಸುದ್ದಿ ಮುಟ್ಟಿಸುತ್ತವೆ. ಇಂದು ನಮ್ಮ ಮೊಬೈಲ್ ಫೋನುಗಳಲ್ಲಿಯೂ ಡ್ರೋನುಗಳಲ್ಲಿಯೂ ಇರುವ ಸಿಲಿಕಾನ್ ಗೈರೋಸ್ಕೋಪಿನೊಳಗೆ ಕಂಪಿಸುತ್ತಿರುವ ಕಿರುತೂಕವೂ ತಿರುಗುವಿಕೆಯನ್ನು ಅಳೆಯುವುದು ಇದೇ ನಿಯಮದಿಂದ.

ರೆಕ್ಕೆಯೂ ಹಾಲ್ಟೀರೂ ಇಷ್ಟು ವೇಗದಲ್ಲಿ ಲಯ ತಪ್ಪದಿರುವುದು ಹೇಗೆ? ನರಗಳ ಸಂದೇಶದಿಂದ ಪ್ರತಿ ಬಡಿತವನ್ನೂ ಹೊಂದಿಸುವುದಕ್ಕೆ ಹೊತ್ತೇ ಸಾಲದು. ಬೆಂಗಳೂರಿನ ಕೇಂದ್ರದಲ್ಲಿ ತನ್ವಿ ದೇವರಾ, ಅಮಿತ್ ಕುಮಾರ್ ಸಿಂಗ್ ಮತ್ತು ಸಂಜಯ ಸಾನೆ ಸೋಲ್ಜರ್ ಫ್ಲೈ ಎಂಬ ನೊಣದ ಎದೆಗೂಡನ್ನು ಪರೀಕ್ಷಿಸಿ, ಕವಚದಲ್ಲಿಯೇ ಇರುವ ತೆಳುವಾದ ಏಣೊಂದು ರೆಕ್ಕೆಯನ್ನೂ ಹಾಲ್ಟೀರನ್ನೂ ಯಾಂತ್ರಿಕವಾಗಿ ಬೆಸೆದಿರುವುದನ್ನು, ಎಡಬಲದ ರೆಕ್ಕೆಗಳೆರಡನ್ನೂ ಕವಚದ ಇನ್ನೊಂದು ಭಾಗ ಕೂಡಿಸಿರುವುದನ್ನು ೨೦೧೫ರಲ್ಲಿ ತೋರಿಸಿದರು. ಆ ಏಣಿಗೆ ಗಾಯವಾದರೆ ರೆಕ್ಕೆಗೂ ಹಾಲ್ಟೀರಿಗೂ ನಡುವಣ ಹೊಂದಿಕೆ ಮುರಿಯುತ್ತದೆ. ಹಾರ್ವರ್ಡಿನವರು ರೆಕ್ಕೆಯ ಕೀಲನ್ನು ಪದಾರ್ಥದ ಬಿಗುವಿಗೆ ಬಿಟ್ಟುಕೊಟ್ಟಂತೆ ಪ್ರಕೃತಿಯೂ ಲಯವನ್ನು ಕವಚದ ಬಿಗುವಿಗೆ ಬಿಟ್ಟುಕೊಟ್ಟಿದೆ. ಹಾಕ್‌ಮಾತಿಗೆ ಹಾಲ್ಟೀರುಗಳಿಲ್ಲ, ಅದರ ಕುಡಿಮೀಸೆಗಳ ಬುಡದಲ್ಲಿರುವ ಇಂದ್ರಿಯವು ಅಂತಹುದೇ ಕೆಲಸವನ್ನು ಮಾಡುತ್ತದೆಂದು ಸಾನೆಯವರೂ ಅವರ ಸಹೋದ್ಯೋಗಿಗಳೂ ೨೦೦೭ರಲ್ಲಿ ಕಂಡುಕೊಂಡಿದ್ದರು. ಮೀಸೆಯನ್ನು ಕತ್ತರಿಸಿದ ಪತಂಗವು ಗೋಡೆಗೆ ಡಿಕ್ಕಿ ಹೊಡೆಯುತ್ತ, ಹಿಮ್ಮುಖವಾಗಿ ಹಾರುತ್ತ ದಿಕ್ಕುಗೆಟ್ಟಿತು. ಕತ್ತರಿಸಿದ ಅದೇ ಮೀಸೆಯನ್ನು ಅಂಟಿನಿಂದ ಮರಳಿ ಕೂಡಿಸಿದಾಗ, ನರಸಂಬಂಧ ಕಡಿದುಹೋಗಿದ್ದರೂ, ಬುಡಕ್ಕೆ ಬೇಕಾಗಿದ್ದ ತೂಕ ದೊರೆತುದರಿಂದ, ಹಾರಾಟ ಬಹುಮಟ್ಟಿಗೆ ಸರಿಹೋಯಿತು.

ಕಣ್ಣಿನ ವಿಷಯಕ್ಕೆ ಬಂದರೆ, ಬೆಂಗಳೂರು ವಿಶ್ವವಿದ್ಯಾನಿಲಯದಲ್ಲಿ ಎಂಜಿನಿಯರಿಂಗನ್ನೂ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ನಾತಕೋತ್ತರ ವಿದ್ಯೆಯನ್ನೂ ಮುಗಿಸಿ, ಯೇಲ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಪಡೆದು, ಆಸ್ಟ್ರೇಲಿಯದಲ್ಲಿ ಜೇನ್ನೊಣಗಳ ದೃಷ್ಟಿಯನ್ನು ದಶಕಗಟ್ಟಲೆ ಅಭ್ಯಾಸ ಮಾಡಿದ ಮಂಡಯಂ ಶ್ರೀನಿವಾಸನ್ ಅವರ ಹೆಸರನ್ನು ಹೇಳಲೇಬೇಕು. ಅವರ ಕೆಲಸವನ್ನು ಕನ್ನಡದ ಓದುಗರು ಈಗ ತಿಳಿದಿರುವುದಕ್ಕಿಂತ ಹೆಚ್ಚಾಗಿ ತಿಳಿಯತಕ್ಕದ್ದೆಂದು ನನ್ನ ದೃಢವಾದ ಅಭಿಪ್ರಾಯ. ಜೇನ್ನೊಣದ ಎರಡು ಕಣ್ಣುಗಳು ಬಹಳ ಹತ್ತಿರವಿರುವುದರಿಂದ, ಮನುಷ್ಯರಂತೆ ಎರಡು ಬಿಂಬಗಳನ್ನು ಹೋಲಿಸಿ ದೂರವನ್ನು ಅಳೆಯುವುದು ಅದಕ್ಕೆ ಸಾಧ್ಯವಿಲ್ಲ. ಕಪ್ಪುಬಿಳುಪಿನ ಪಟ್ಟೆಗಳನ್ನು ಬಳಿದ ಎರಡು ಗೋಡೆಗಳ ನಡುವೆ ಹಾರಿ ಸಕ್ಕರೆ ಪಾಕಕ್ಕೆ ಹೋಗುವಂತೆ ಶ್ರೀನಿವಾಸನ್ ಅವರೂ ಸಂಗಡಿಗರೂ ನೊಣಗಳನ್ನು ಪಳಗಿಸಿದಾಗ, ಅವು ಸರಿಯಾಗಿ ನಡುದಾರಿಯಲ್ಲಿಯೇ ಹಾರಿದವು. ಒಂದು ಗೋಡೆಯ ಪಟ್ಟೆಗಳನ್ನು ನೊಣ ಹಾರುವ ದಿಕ್ಕಿಗೇ ಸರಿಸಿದಾಗ, ಆ ಕಡೆಯ ಬಿಂಬದ ಓಟ ನಿಧಾನವಾಗಿ ತೋರಿದುದರಿಂದ, ನೊಣವು ಆ ಗೋಡೆ ದೂರವಿದೆಯೆಂದು ಬಗೆದು ಅದರ ಕಡೆಗೇ ವಾಲಿತು. ಎರಡೂ ಕಣ್ಣುಗಳ ಮೇಲೆ ಬಿಂಬವು ಓಡುವ ವೇಗವನ್ನು ಸಮನಾಗಿ ಇಟ್ಟುಕೊಳ್ಳುವುದೇ ಅದರ ಉಪಾಯ. ನೆಲಕ್ಕೆ ಇಳಿಯುವಾಗಲೂ ಅಷ್ಟೇ: ಕೆಳಗಿನ ನೆಲದ ಬಿಂಬ ಓಡುವ ವೇಗ ಬದಲಾಗದಂತೆ ನೋಡಿಕೊಂಡರೆ, ಎತ್ತರ ಇಳಿದಂತೆ ಹಾರಾಟದ ವೇಗವೂ ತಾನಾಗಿ ಇಳಿದು, ನೆಲ ಮುಟ್ಟುವ ಹೊತ್ತಿಗೆ ಬಹುತೇಕ ಸೊನ್ನೆಯಾಗಿರುತ್ತದೆ. ತನ್ನ ಎತ್ತರವೆಷ್ಟು, ವೇಗವೆಷ್ಟು ಎಂಬ ಎರಡನ್ನೂ ನೊಣ ತಿಳಿಯಬೇಕಾಗಿಲ್ಲ. ಹಾರಿದ ದೂರವನ್ನೂ ಅದು ಇದೇ ಬಿಂಬದ ಓಟದಿಂದ ಅಳೆಯುತ್ತದೆ: ಚಿತ್ತಾರದ ಗೋಡೆಗಳುಳ್ಳ ಇಕ್ಕಟ್ಟಾದ, ಆರೇಳು ಮೀಟರಿನ ಸುರಂಗದಲ್ಲಿ ಹಾರಿಬಂದ ನೊಣಗಳು, ತಾವು ನೂರಕ್ಕೂ ಹೆಚ್ಚು ಮೀಟರು ದೂರ ಹೋಗಿ ಬಂದೆವೆಂಬಂತೆ ಗೂಡಿನಲ್ಲಿ ನರ್ತಿಸಿ ಸಂಗಡಿಗರಿಗೆ ಸಾರಿದವು. ದೊಡ್ಡ ಲೆಕ್ಕಾಚಾರವಿಲ್ಲದೆ, ಎಳ್ಳುಕಾಳಿನಷ್ಟು ಮೆದುಳಿನಿಂದ ನಡೆಯುವ ಈ ಉಪಾಯಗಳನ್ನು ಶ್ರೀನಿವಾಸನ್ ಸಣ್ಣ ವಿಮಾನಗಳಿಗೆ ಅಳವಡಿಸಿ, ಅವು ನೆಲದಿಂದ ಸಮಾನವಾದ ಎತ್ತರವನ್ನು ಕಾಯ್ದುಕೊಳ್ಳುವಂತೆಯೂ ಇಳಿಯುವಂತೆಯೂ ಮಾಡಿದರು. ಹೊರೆ ಹೊರಲಾರದ ಯಂತ್ರಕ್ಕೆ ಹೊರೆಯಾಗದ ಬುದ್ಧಿಯೇ ಬೇಕಲ್ಲವೆ?

ಆಕಾರಕ್ಕಿಂತ ತತ್ತ್ವ ಮುಖ್ಯವೆಂದು ಮೊದಲಲ್ಲಿ ಹೇಳಿದುದಕ್ಕೆ ನೆದರ್ಲೆಂಡ್ಸಿನ ಡೆಲ್ಫ್ಟ್ ನಗರದ ಡೆಲ್‌ಫ್ಲೈ ನಿಂಬಲ್ ಉತ್ತಮವಾದ ನಿದರ್ಶನ. ೨೦೧೮ರಲ್ಲಿ ಮತ್ಯೇ ಕರಾಸೆಕ್ ಮತ್ತು ಸಂಗಡಿಗರು ಪರಿಚಯಿಸಿದ ಈ ಯಂತ್ರಕ್ಕೆ ನಾಲ್ಕು ರೆಕ್ಕೆ. ತೂಕ ೨೯ ಗ್ರಾಂ. ರೆಕ್ಕೆಯಗಲ ೩೩ ಸೆಂಟಿಮೀಟರು. ಬಡಿತ ಸೆಕೆಂಡಿಗೆ ೧೭. ಹಣ್ಣುನೊಣಕ್ಕೂ ಅದಕ್ಕೂ ರೂಪದಲ್ಲಿ ಯಾವ ಸಾದೃಶ್ಯವೂ ಇಲ್ಲ. ಬ್ಯಾಟರಿಯನ್ನೂ ನಿಯಂತ್ರಣವನ್ನೂ ತನ್ನೊಡಲಲ್ಲೇ ಹೊತ್ತು ಸ್ವತಂತ್ರವಾಗಿ ಹಾರುವ ಅದಕ್ಕೆ, ಬೆದರಿದ ಹಣ್ಣುನೊಣವು ಓರೆಯಾಗಿ ಹೊರಳಿ ಪಾರಾಗುವ ಚಲನೆಯನ್ನು ಅವರು ಕಲಿಸಿದರು. ಮುಂದಕ್ಕೆ ಬಾಗುವುದು, ಪಕ್ಕಕ್ಕೆ ಹೊರಳುವುದು ಇವೆರಡನ್ನು ಮಾತ್ರ ಆಜ್ಞಾಪಿಸಿದ್ದರೂ, ಯಂತ್ರವು ಹೇಳಿಸಿಕೊಳ್ಳದೆಯೇ ಮೂತಿಯನ್ನು ಸಾಗುವ ದಿಕ್ಕಿಗೆ ತಿರುಗಿಸಿಕೊಂಡಿತು. ನೊಣವೂ ಹಾಗೆಯೇ ತಿರುಗುವುದನ್ನು ಹಿಂದೆ ಚಿತ್ರೀಕರಿಸಿದ್ದರು. ಆ ತಿರುವಿನಲ್ಲಿ ಗಾಳಿಯೇ ತಾನಾಗಿ ನೆರವಾಗುತ್ತದೆಂಬ ಸಂಗತಿ ಹೀಗೆ ಹೊರಬಿದ್ದಿತು. ಜೀವಂತ ನೊಣಕ್ಕೆ ಈ ಸ್ನಾಯುವನ್ನು ಆಡಿಸು, ಆ ಸ್ನಾಯುವನ್ನು ಬಿಡು ಎಂದು ಹೇಳುವುದು ಯಾರಿಗೂ ಸಾಧ್ಯವಿಲ್ಲ. ಯಂತ್ರಕ್ಕೆ ಹೇಳಬಹುದು, ನೂರು ಬಾರಿ ಹೇಳಬಹುದು. ಕೀಟದಿಂದ ಯಂತ್ರ ಕಲಿಯಿತು. ಈಗ ಕೀಟವನ್ನು ಅರಿಯುವುದಕ್ಕೆ ಯಂತ್ರವೇ ಸಾಧನವಾಯಿತು. ಈ ವಿದ್ಯೆಗೆ ಬೇರಾವ ಪ್ರಯೋಜನವೂ ಇಲ್ಲದಿದ್ದರೂ ಇದೊಂದರಿಂದಲೇ ಅದು ಸಾರ್ಥಕವೆಂದು ನಾನು ತಿಳಿಯುತ್ತೇನೆ.

ಪ್ರಯೋಜನಗಳನ್ನು ಕುರಿತು ಬಹಳ ಮಾತುಗಳಿವೆ. ಕುಸಿದ ಕಟ್ಟಡದ ಸಂದುಗಳಲ್ಲಿ ನುಸುಳಿ ಬದುಕುಳಿದವರನ್ನು ಹುಡುಕುವುದು, ಯಂತ್ರಗಳ ಒಡಲೊಳಗಿನ ಬಿರುಕುಗಳನ್ನು ನೋಡುವುದು, ಇವು ನ್ಯಾಯವಾದ ಆಶೆಗಳು. ಬೇಹುಗಾರಿಕೆಯ ಆಶೆಯಂತೂ ಹಳೆಯದು. ೧೯೭೦ರ ದಶಕದಲ್ಲಿಯೇ ಅಮೆರಿಕದ ಸಿಐಎ ಸಂಸ್ಥೆ ಏರೋಪ್ಲೇನ್ ಚಿಟ್ಟೆಯ ರೂಪದ ಪುಟ್ಟ ಯಂತ್ರವೊಂದನ್ನು ಮಾಡಿಸಿತ್ತು, ಅಡ್ಡಗಾಳಿಯಲ್ಲಿ ಅದು ನಿಲ್ಲಲಾರದೆ ಹೋಯಿತು. ಆದರೆ ಜೇನ್ನೊಣಗಳು ನಶಿಸಿದರೆ ಪರಾಗಸ್ಪರ್ಶವನ್ನು ಯಂತ್ರಗಳಿಂದ ಮಾಡಿಸಬಹುದೆಂಬ ಮಾತು ಪತ್ರಿಕೆಗಳಲ್ಲಿ ಮತ್ತೆಮತ್ತೆ ಕಾಣಿಸಿಕೊಳ್ಳುವಾಗ ನನಗೆ ಕಳವಳವಾಗುತ್ತದೆ. ಒಂದು ಗೂಡಿನಲ್ಲಿ ಹತ್ತಾರು ಸಾವಿರ ನೊಣಗಳು. ಒಂದೊಂದೂ ತನ್ನ ಇಂಧನವನ್ನು ತಾನು ಹಾರಿಹೋದ ಹೂವಿನಲ್ಲಿಯೇ ಪಡೆಯುತ್ತದೆ, ದಾರಿಯನ್ನು ನೆನಪಿ‌ನಲ್ಲಿಡುತ್ತದೆ, ಸಂಗಡಿಗರಿಗೆ ತಿಳಿಸುತ್ತದೆ, ಗೂಡಿನ ಮುಂದಿನ ಪೀಳಿಗೆಯನ್ನು ಸಾಕುತ್ತದೆ. ಕೀಟನಾಶಕಗಳಿಂದಲೂ ಕಾಡಿನ ನಾಶದಿಂದಲೂ ಅವುಗಳಿಗೆ ಒದಗಿರುವ ಸಂಕಟಕ್ಕೆ ಪರಿಹಾರವನ್ನು ಪ್ರಯೋಗಶಾಲೆಯ ಮೇಲೆ ಹೊರಿಸಿ ನಾವು ಸುಮ್ಮನಿರುವುದು ಒಪ್ಪತಕ್ಕ ನಡತೆಯಲ್ಲ.

ಯಂತ್ರದ ಇಂಧನದ ಸ್ಥಿತಿಯನ್ನು ನೋಡಿದರೆ ಆ ಮಾತು ಎಷ್ಟು ಅಪಕ್ವವೆಂಬುದೂ ತಿಳಿಯುತ್ತದೆ. ಪೀಜೋ ಪಟ್ಟಿಗೆ ೨೦೦ ವೋಲ್ಟಿನಷ್ಟು ಒತ್ತಡದ ವಿದ್ಯುತ್ತು ಬೇಕು. ಅದನ್ನು ಒದಗಿಸುವ ಮಂಡಲವನ್ನೂ ಬ್ಯಾಟರಿಯನ್ನೂ ಹೊರುವಷ್ಟು ಕಸುವು ೮೦ ಮಿಲಿಗ್ರಾಮಿನ ಒಡಲಿಗಿಲ್ಲ. ೨೦೧೯ರಲ್ಲಿ ಹಾರ್ವರ್ಡಿನವರು ಎರಡು ರೆಕ್ಕೆಗಳಿಗೆ ಬದಲು ನಾಲ್ಕು ರೆಕ್ಕೆಗಳನ್ನು ಕೊಟ್ಟು, ತಲೆಯ ಮೇಲೆ ಸೌರಕೋಶಗಳನ್ನು ಕಟ್ಟಿ, ೨೫೯ ಮಿಲಿಗ್ರಾಂ ತೂಕದ ಯಂತ್ರವನ್ನು ತಂತಿಯಿಲ್ಲದೆ ಹಾರಿಸಿದರು. ಅದಕ್ಕೆ ಬಿಸಿಲಿನ ಮೂರರಷ್ಟು ಪ್ರಖರವಾದ ಬೆಳಕು ಬೇಕಾಯಿತು, ಹಾರಾಟ ಒಂದು ಸೆಕೆಂಡನ್ನೂ ತುಂಬಲಿಲ್ಲ. ಅದಕ್ಕೂ ಒಂದು ವರ್ಷ ಮೊದಲು ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ ಫುಲ್ಲರ್ ಮತ್ತು ಸಂಗಡಿಗರು ಲೇಸರ್ ಕಿರಣವನ್ನು ಹಾಯಿಸಿ ತಮ್ಮ ಯಂತ್ರನೊಣವನ್ನು ನೆಲದಿಂದ ಎತ್ತಿದ್ದರು. ಕಿರಣದ ಗುರಿ ತಪ್ಪಿದೊಡನೆ ಅದು ಇಳಿಯಿತು. ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಕೆವಿನ್ ಚೆನ್ ಬೇರೆ ಹಾದಿ ಹಿಡಿದರು: ಗಡುಸಾದ ಪೀಜೋ ಪಟ್ಟಿಗೆ ಬದಲು, ರಬ್ಬರಿನಂತಹ ತೆಳುಪದರಗಳ ನಡುವೆ ಕಾರ್ಬನ್ ನಾನೋನಾಳಗಳನ್ನು ಹರಡಿ ಸುರುಳಿ ಸುತ್ತಿದ ಮೆತ್ತನೆಯ ಸ್ನಾಯು. ಗೋಡೆಗೆ ಬಡಿದರೂ ಅದು ಒಡೆಯದು. ಇಂತಹ ಯಂತ್ರಗಳ ಆಯುಸ್ಸನ್ನು ಕಡಿಯುತ್ತಿದ್ದುದು ರೆಕ್ಕೆಯ ಬುಡದ ಕೀಲು. ಸೆಕೆಂಡಿಗೆ ನೂರಾರು ಬಾರಿ ಬಾಗಿ ಅದು ದಣಿದು ಹರಿಯುತ್ತಿತ್ತು. ಬೀಸುವ ರೆಕ್ಕೆಯು ತಿರುಚುವ ಹೊರೆಯನ್ನು ತಗ್ಗಿಸುವಂತೆ ಕೀಲನ್ನು ಉದ್ದವಾಗಿಯೂ ಸಪುರವಾಗಿಯೂ ಮಾರ್ಪಡಿಸಿ, ೨೦೨೫ರ ಜನವರಿಯಲ್ಲಿ ಪ್ರಕಟವಾದ ವರದಿಯಂತೆ, ಮುಕ್ಕಾಲು ಗ್ರಾಮಿನ ಯಂತ್ರವೊಂದನ್ನು ಅವರ ತಂಡ ೧೦೦೦ ಸೆಕೆಂಡುಗಳ ಕಾಲ, ಎಂದರೆ ಸುಮಾರು ೧೭ ನಿಮಿಷ, ಗಾಳಿಯಲ್ಲಿ ನಿಲ್ಲಿಸಿತು. ವಿದ್ಯುತ್ತು ಅದಕ್ಕೂ ತಂತಿಯಲ್ಲಿಯೇ ಬಂದಿತು. ಹಿಂದಿನ ರೂಪದಲ್ಲಿ ಎಂಟು ರೆಕ್ಕೆಗಳಿದ್ದೆಡೆ ಈಗ ನಾಲ್ಕನ್ನೇ ಉಳಿಸಿಕೊಂಡಿರುವುದರಿಂದ ನಡುವೆ ತೆರವಾದ ಜಾಗದಲ್ಲಿ ಬ್ಯಾಟರಿಯನ್ನೂ ಸಂವೇದಕಗಳನ್ನೂ ಕೂರಿಸುವುದು ಆ ತಂಡದವರು ಮುಂದಕ್ಕೆ ಇಟ್ಟುಕೊಂಡಿರುವ ಕೆಲಸ.